ಸ್ಕೋರು ಪುಸ್ತಕದಲ್ಲಿ ಒಂದು ಚಿತ್ತು

ಒಂದು ಕಾಲಕ್ಕೆ ಈ ಊರಿನ ಬ್ಯಾಟುಗಾರರ ನಿದ್ದೆ ಕೆಡಿಸಿ, ಇಂದು ಅಧ್ಯಕ್ಷ ಪೀಠದಲ್ಲಿ ಶಾಂತವಾಗಿ ಕುಳಿತಿರುವ ಶ್ರೀ ಚಿದಾನಂದಪ್ಪನವರೇ, ಹಾರದ ಭಾರಕ್ಕೆ ಕತ್ತು ಬಾಗಿಸಿರುವ ನನ್ನ ಬಾಲ್ಯಸ್ನೇಹಿತ, ಇಂದಿನ ಸನ್ಮಾನಿತ ಶ್ರೀ ರಾಘಣ್ಣನವರೇ, ಬಳ್ಳಾರಿಯ ಕೋಟೆ ಕ್ರಿಕೆಟ್ ಕ್ಲಬ್ಬಿನ ಪದಾಧಿಕಾರಿಗಳೇ, ಸಿರುಗುಪ್ಪದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಕ್ರೀಡಾಭಿಮಾನಿಗಳೇ, ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತಿರುವ ತಾಯಿ ಯಂಕಮ್ಮನವರೇ, ಮತ್ತು ಸಭಿಕರೇ,

ಯಂಕಮ್ಮನವರು ಯಾರು ಎಂದು ಕೆಲವರು ಹಿಂದಕ್ಕೆ ತಿರುಗಿ ನೋಡುತ್ತಿದ್ದೀರಿ. ಹೇಳುತ್ತೇನೆ. ಅದನ್ನು ಹೇಳುವುದಕ್ಕೇ ನಿಂತಿದ್ದೇನೆ.

ನನಗೆ ವಹಿಸಿದ ಕೆಲಸ ಚಿಕ್ಕದು. ರಾಘಣ್ಣನವರ ಹೆಸರಿನಲ್ಲಿರುವ ನೂರಾ ಎರಡು ವಿಕೆಟ್ಟುಗಳ ವಿವರವನ್ನು ಪುಸ್ತಕ ನೋಡಿ ಓದುವುದು, ಕುಳಿತುಕೊಳ್ಳುವುದು. ಆಮೇಲೆ ಅವರಿಗೆ ಬೆಳ್ಳಿಯ ಚೆಂಡು, ನಮಗೆಲ್ಲ ಉಪ್ಪಿಟ್ಟು, ಕಾಫಿ. ಐದು ನಿಮಿಷ ಸಾಕು ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಿದ್ದಾರೆ. ಹನ್ನೊಂದು ವರ್ಷ ಬಾಯಿ ಬಿಡದೆ ಬರೆದವನಿಗೆ ಐದು ನಿಮಿಷ ಸಾಲುತ್ತದೆಯೇ? ಉಪ್ಪಿಟ್ಟು ಸ್ವಲ್ಪ ಆರಿದರೆ ಕ್ಷಮಿಸಬೇಕು.

ನಾನು ತಾಲೂಕು ಕಚೇರಿಯ ಗುಮಾಸ್ತ. ಬ್ಯಾಟು ಹಿಡಿದವನಲ್ಲ, ಚೆಂಡು ಕಂಡರೆ ಪಕ್ಕಕ್ಕೆ ಸರಿಯುವವನು. ಆದರೂ ಮೂವತ್ತೇಳನೆಯ ಇಸವಿಯಿಂದ ನಲವತ್ತೆಂಟರವರೆಗೆ ಕೋಟೆ ಮೈದಾನದ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಪ್ರತಿ ಪಂದ್ಯದ ಪ್ರತಿ ಚೆಂಡನ್ನೂ ಬರೆದವನು ನಾನೇ. ಆಡಿದವರು ಮರೆತಿದ್ದಾರೆ, ನೋಡಿದವರು ಮರೆತಿದ್ದಾರೆ. ಪುಸ್ತಕ ಮರೆಯುವುದಿಲ್ಲ ಎಂದು ನೀವೆಲ್ಲ ನಂಬಿದ್ದೀರಿ.

ಬ್ರೂಸ್‌ಪೇಟೆಯ ವೆಂಕಣ್ಣನ ಹೋಟೆಲಿಗೆ ಹೋದವರಿಗೆ ಇದು ಗೊತ್ತು. ಅಲ್ಲಿ ಎರಡು ಪಕ್ಷ. ಒಂದು ನಮ್ಮ ಅಧ್ಯಕ್ಷರದು, ಒಂದು ರಾಘಣ್ಣನವರದು. "ನೂರು ದಾಟ್ಯಾನ್ರಿ ನಮ್ಮ ರಾಘಣ್ಣ, ಮುಗೀತು!" ಎಂದು ಒಬ್ಬರು ಮೇಜು ಗುದ್ದುತ್ತಾರೆ. "ತೊಂಬತ್ತೇಳ ಇರಲಿ, ಸರಾಸರಿ ನೋಡ್ರಿ, ಸರಾಸರಿ! ಮ್ಯಾಟಿಲ್ಲದ ಬರೇ ನೆಲದ ಮ್ಯಾಲೆ ಹಾಕ್ಯಾರ ಚಿದಾನಂದಪ್ನೋರು" ಎಂದು ಇನ್ನೊಬ್ಬರು ಎರಡು ಸಲ ಗುದ್ದುತ್ತಾರೆ. ಲೋಟ ಒಡೆದು ಒಡೆದು ಬೇಸತ್ತ ವೆಂಕಣ್ಣ, ಒಂದು ಕಾಫಿಗೆ ಒಂದು ಓವರಿನಷ್ಟು ಮಾತು ಮಾತ್ರ ಎಂದು ಬೋರ್ಡನ್ನೇ ಬರೆಸಿ ಹಾಕಿದ. ಜಗಳ ಹರಿಯದಿದ್ದರೆ ಕೊನೆಗೆ ಒಂದೇ ಮಾತು: "ಜಯತೀರ್ಥಾಚಾರ್ರ ಪುಸ್ತಕ ತರಿಸ್ರಿ." ಅಂದರೆ ನನ್ನ ಈ ಪುಸ್ತಕ. ಅದೇ ಹೈಕೋರ್ಟು. ಅದರ ಮೇಲೆ ಅಪೀಲಿಲ್ಲ.

ಅದಕ್ಕೆ ಕಾರಣ, ಹನ್ನೊಂದು ವರ್ಷದಲ್ಲಿ ಒಂದೇ ಒಂದು ಚಿತ್ತಿಲ್ಲ ಎಂಬ ನನ್ನ ಜಂಬ. ಗುಂಡಗಿನ ಇಂಗ್ಲಿಷ್ ಅಕ್ಷರ, ನೀಲಿ ಮಸಿ, ಪುಟಕ್ಕೆ ಪುಟ ಮುತ್ತು ಪೋಣಿಸಿದ ಹಾಗೆ. ಚಿತ್ತಿಲ್ಲ, ಚಿತ್ತಿಲ್ಲ ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗಿದೆ.

ಒಂದು ಚಿತ್ತಿದೆ. ಅದರ ಮಾತನ್ನು ಆಮೇಲೆ ಆಡುತ್ತೇನೆ.

ಸಭಿಕರೇ, ನಲವತ್ತೆರಡನೆಯ ಇಸವಿ. ಯುದ್ಧದ ಕಾಲ. ಸಿರುಗುಪ್ಪದ ತಂಡದ ಮೇಲೆ ನಮ್ಮ ಪಂದ್ಯ. ಹಿಂದಿನ ಸಂಜೆಯೇ ಹನ್ನೊಂದು ಹೆಸರನ್ನು ಪುಸ್ತಕದಲ್ಲಿ ಮಸಿಯಲ್ಲಿ ಬರೆದಿಡುವುದು ನನ್ನ ಪದ್ಧತಿ. ಬೆಳಿಗ್ಗೆ ನೋಡಿದರೆ ಹತ್ತೇ ಜನ. ರೈಲ್ವೆ ಗಾರ್ಡ್ ಆಗಿದ್ದ ರಾಘಣ್ಣನವರನ್ನು ಸೈನಿಕರ ಸ್ಪೆಷಲ್ ಗಾಡಿಗೆ ಹಾಕಿದ್ದರಿಂದ ಅವರು ಗುಂತಕಲ್ಲಿನಲ್ಲೇ ಉಳಿದರು. ಅಂದಿನ ನಾಯಕರು, ಈಗ ಅವರಿಲ್ಲ, ಸುತ್ತ ನೋಡಿದರು. ಮೈದಾನದ ಅಂಚಿನಲ್ಲಿ ರೋಲರಿನ ಹಿಡಿಗೆ ಒರಗಿ ಒಬ್ಬ ನಿಂತಿದ್ದ. ಹುಲುಗಪ್ಪ. ರೋಲರು ಎಳೆಯುವುದು, ಪಿಚ್ಚಿನ ಮೇಲೆ ನಾರಿನ ಮ್ಯಾಟು ಹಾಸಿ ಮೊಳೆ ಹೊಡೆಯುವುದು ಅವನ ಕೆಲಸ.

"ಲೇ ಹುಲುಗಾ, ಬಾಲ್ ಹಾಕಾಕ ಬರ್ತೈತೇನಲೇ?"

"ನೋಡೇನ್ರಿ ದಿನಾ. ಸಿರುಗುಪ್ಪಿ ನೆಲ್ಲಿನ ಹೊಲ್ದಾಗ ಹಕ್ಕಿ ಹೊಡಕೊಂತ ಬೆಳದಾಂವ ಅದೀನ್ರಿ, ಗುರಿ ತಪ್ಪಂಗಿಲ್ಲ."

ತಪ್ಪಲಿಲ್ಲ. ಬರಿಗಾಲಲ್ಲಿ ಎಂಟು ಹೆಜ್ಜೆ ಓಡಿ ಬಂದು ಹಾಕಿದ. ಮೊದಲ ಓವರಿನಲ್ಲೇ ನಡುವಿನ ಸ್ಟಂಪು ಕಿತ್ತು ಹಿಂದೆ ಬಿತ್ತು. ಅಂದು ಐದು ವಿಕೆಟ್ಟು. ತನ್ನೂರಿನ ತಂಡವನ್ನೇ ಕೆಡವಿ, ಸಂಜೆ ಮತ್ತೆ ಮೊಳೆ ಕಿತ್ತು ಮ್ಯಾಟು ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಹೋದ.

ಆ ಐದು ವಿಕೆಟ್ಟು ಪುಸ್ತಕದಲ್ಲಿ ಯಾರ ಹೆಸರಿನ ಮುಂದಿದೆ? ರಾಘಣ್ಣನವರ ಹೆಸರಿನ ಮುಂದಿದೆ. ಹೆಸರನ್ನು ಆಗಲೇ ಮಸಿಯಲ್ಲಿ ಬರೆದಾಗಿತ್ತಲ್ಲ, ಚಿತ್ತು ಹಾಕಿದರೆ ಪುಟ ಹಾಳಾಗುತ್ತದೆ ಎಂದುಕೊಂಡೆ. ರಾಘಣ್ಣನವರು ಊರಿಗೆ ಬಂದವರು ನೋಡಿ ನಕ್ಕರು. "ಇದೇನೋ ಜಯತೀರ್ಥ, ನಾನು ಗುಂತಕಲ್ಲಿನೊಳಗ ಕೂತು ಐದು ಮಂದೀನ್ನ ಔಟ್ ಮಾಡೀನಲ್ಲೋ! ಸರಿ ಮಾಡಿಬಿಡು." ಮಾಡುತ್ತೇನೆ ಎಂದೆ. ಮಾಡಲಿಲ್ಲ. ಮುಂದೆ ಯುದ್ಧ ಮುಗಿಯುವವರೆಗೆ ಅವರ ಡ್ಯೂಟಿ ಬಂದಾಗಲೆಲ್ಲ ಹುಲುಗಪ್ಪ ಆಡಿದ, ಒಟ್ಟು ಒಂಬತ್ತು ಪಂದ್ಯ. ಒಂಬತ್ತು ಸಲವೂ ನಾನು ರಾಘಣ್ಣನವರ ಹೆಸರನ್ನೇ ಬರೆದೆ. ಮೊದಲನೆಯ ಸಲ ಮಸಿ ಒಣಗಿತ್ತು, ಒಪ್ಪೋಣ. ಉಳಿದ ಎಂಟು ಸಲ?

ಕ್ಲಬ್ಬಿನ ಸದಸ್ಯನಲ್ಲದವನ ಹೆಸರು ಬರೆಯಬಾರದು ಎಂಬ ನಿಯಮವಿತ್ತು, ಅದನ್ನು ಪಾಲಿಸಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಆ ಒಂದು ಚಿತ್ತಿನ ಮಾತಿಗೆ ಬರುತ್ತೇನೆ. ನಲವತ್ತನಾಲ್ಕರ ದೀಪಾವಳಿಗೆ ದೊಡ್ಡ ಅಧಿಕಾರಿಯೊಬ್ಬರ ಅಳಿಯ ಬಂದಿದ್ದರು. ಸದಸ್ಯರಲ್ಲ. ಆಡುವ ಆಸೆಯಾಯಿತು, ಆಡಿಸಿದೆವು. ಸೊನ್ನೆಗೆ ಔಟಾದರು. ಆ ಸೊನ್ನೆಗಾಗಿ ನಾನು, ಚಿತ್ತಿಲ್ಲದ ಪುಸ್ತಕದ ಜಂಬದವನು, ಬರೆದ ಹೆಸರೊಂದನ್ನು ಗೀಟು ಹೊಡೆದು, ಅಳಿಯಂದಿರ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಬರೆದೆ. ಸೊನ್ನೆ ಹೊಡೆದವರಿಗೆ ಹೆಸರು ಸಿಕ್ಕಿತು. ಸ್ಟಂಪು ಕಿತ್ತವನಿಗೆ ಸಿಗಲಿಲ್ಲ. ಇದರಲ್ಲಿ ಮಸಿಯ ತಪ್ಪೆಷ್ಟು, ನಿಯಮದ ತಪ್ಪೆಷ್ಟು, ನನ್ನ ತಪ್ಪೆಷ್ಟು?

ಊಟದ ಹೊತ್ತಿಗೆ ನಾವೆಲ್ಲ ಡೇರೆಯೊಳಗೆ, ಅವನು ರೋಲರಿನ ನೆರಳಲ್ಲಿ. ನೀರನ್ನು ಅವನ ಬೊಗಸೆಗೆ ಮೇಲಿನಿಂದ ಹುಯ್ಯುತ್ತಿದ್ದೆವು. ನಾನೂ ಹುಯ್ದಿದ್ದೇನೆ. ಅದೇ ಕೈ ಸಂಜೆ ಪುಸ್ತಕ ಬರೆಯುತ್ತಿತ್ತು. ಬೇರೆಯದಾಗಿ ಹೇಗೆ ಬರೆದೀತು?

ನಲವತ್ತಾರರಲ್ಲಿ ಒಂದು ಮಧ್ಯಾಹ್ನ ಕಚೇರಿಯ ಮೆಟ್ಟಿಲ ಬಳಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಹುಲುಗಪ್ಪನ ಹೆಂಡತಿ. ಹೌದು, ಆ ಬೆಂಚಿನ ಮೇಲಿರುವ ಯಂಕಮ್ಮನವರೇ. "ಸ್ವಾಮೇರ, ನಮ್ಮನಿಯಾಗ ಅಂವಗ ಇಪ್ಪತ್ತು ದಿನದಿಂದ ಜ್ವರ ಐತ್ರಿ. ಆ ಕ್ರಿಕೆಟ್ ಪುಸ್ತಕ ಒಮ್ಮಿ ನೋಡಬೇಕಂತಾನ್ರಿ."

ವಿಷಮಶೀತ ಜ್ವರ. ಸಂಗನಕಲ್ಲಿನ ದಾರಿಯಲ್ಲಿ ಅವರ ಗುಡಿಸಲು. ಪುಸ್ತಕ ತೆಗೆದುಕೊಂಡು ಹೋದೆ. ಒಳಗೆ ಹೋಗಲಿಲ್ಲ, ಹೊಸ್ತಿಲ ಹೊರಗೇ ನಿಂತೆ. ಅವನ ಹಾಸಿಗೆಯನ್ನೇ ಯಂಕಮ್ಮ ಬಾಗಿಲಿಗೆ ಎಳೆದು ತಂದರು. ಕಲ್ಲು ರೋಲರು ಒಬ್ಬನೇ ಎಳೆಯುತ್ತಿದ್ದ ಆಳು, ಒಂದು ಹಿಡಿ ಆಗಿದ್ದ.

"ಸ್ವಾಮೇರ, ಪುಸ್ತಕದಾಗ ನನ್ನ ಹೆಸರು ಐತೇನ್ರಿ?"

ಐತಿ, ಎಂದೆ.

"ಎಲ್ಲಿ ಐತ್ರಿ? ತೋರಸ್ರಿ."

ಅವನಿಗೆ ಓದಲು ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ನಲವತ್ತೆರಡರ ಪುಟ ತೆಗೆದು, ಕೈ ಚಾಚಿ ಪುಸ್ತಕ ಹಿಡಿದು, ರಾಘಣ್ಣನವರ ಹೆಸರಿನ ಮೇಲೆ ಬೆರಳಿಟ್ಟು, ಇಲ್ಲಿ ನೋಡಪ್ಪ, ಎಂದೆ. ಅವನು ತನ್ನ ಬೆರಳನ್ನು ಆ ಅಕ್ಷರಗಳ ಮೇಲೆ ಆ ತುದಿಯಿಂದ ಈ ತುದಿಯವರೆಗೆ ಮೆಲ್ಲಗೆ ಎಳೆದ. ನಕ್ಕ. "ಇಷ್ಟುದ್ದ ಐತೇನ್ರಿ ನನ್ನ ಹೆಸರು!" ಎಂದ. ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

ಅವನ ಬೆರಳಿನ ಬೆವರಿಗೆ ಮಸಿ ಹರಡಿತು. ಆ ಕಲೆ ಇಲ್ಲಿದೆ, ಸಭಿಕರೇ. ನೀವು ಇದನ್ನು ಮಳೆ ಹನಿ ಎಂದುಕೊಂಡಿದ್ದಿರಿ.

ನಾನು ಮನೆಗೆ ಬಂದು ಸ್ನಾನ ಮಾಡಿದೆ. "ಆ ಪುಸ್ತಕ ಒಳಗ ತರಬ್ಯಾಡೋ" ಎಂದರು ನಮ್ಮ ತಾಯಿ ವೆಂಕೂಬಾಯಿ. ಮೂರು ದಿನ ಅದು ಹೊರಗಿನ ಗೂಡಿನಲ್ಲೇ ಇತ್ತು. ಮೂರನೆಯ ದಿನ ಹುಲುಗಪ್ಪ ಹೋದ ಸುದ್ದಿ ಬಂತು. ನಾನು ಅತ್ತೆನೇ? ಅಳಲಿಲ್ಲ. ಸದ್ಯ, ಇನ್ನು ಯಾರೂ ಕೇಳುವುದಿಲ್ಲ ಎಂದುಕೊಂಡೆ. ಈ ಮಾತನ್ನು ಇಲ್ಲಿ ಹೇಳಬೇಕೆಂದು ಬಂದಿರಲಿಲ್ಲ. ಬಾಯಿಂದ ಬಂದುಬಿಟ್ಟಿತು. ಇರಲಿ.

ಹೋದ ತಿಂಗಳು ಕಚೇರಿ ಕೆಲಸದ ಮೇಲೆ ಕುರುಗೋಡಿಗೆ ಹೋಗಿದ್ದೆ. ಚಾವಡಿಯ ಮುಂದೆ ಒಬ್ಬ ಹೆಂಗಸು ನನ್ನ ಮುಖವನ್ನೇ ನೋಡಿ, "ಪುಸ್ತಕದ ಸ್ವಾಮೇರಲ್ಲೇನ್ರಿ?" ಎಂದರು. ಯಂಕಮ್ಮನವರು ಈಗ ಅಣ್ಣನ ಮನೆಯಲ್ಲಿದ್ದಾರೆ. ಹಗಲು ಹೊಲದ ಕೆಲಸ, ಸಂಜೆ ದೊಡ್ಡವರ ಶಾಲೆ. "ಪುಸ್ತಕ ಇನ್ನೂ ಐತೇನ್ರಿ? ನನಗ ಈಗ ಓದಾಕ ಬರ್ತೈತಿ. ಅಂವ ಬೆರಳಿಟ್ಟ ಜಾಗ ನಾ ಓದಬೇಕ್ರಿ." ಬಾಯಿ ತಪ್ಪಿ ಈ ಸಭೆಯ ದಿನ ಹೇಳಿಬಿಟ್ಟೆ. "ಬರ್ತೀನ್ರಿ" ಎಂದರು. ನೋಡಿ, ಬಂದಿದ್ದಾರೆ.

ಅವರು ಕಲಿತದ್ದು ಕನ್ನಡ. ಪುಸ್ತಕ ಇಂಗ್ಲಿಷು. ಅಂದರೆ ನಾನು ಇನ್ನೊಮ್ಮೆ ಅದೇ ಹೆಸರಿನ ಮೇಲೆ ಬೆರಳಿಡಬಹುದಿತ್ತು. ಸುಳ್ಳೇಕೆ ಹೇಳಲಿ, ಕುರುಗೋಡಿನಿಂದ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ.

ಮರುದಿನ ಮೈದಾನಕ್ಕೆ ಹೋದೆ. ಹಳೆಯ ರೋಲರು ಬೇವಿನ ಮರದ ಕೆಳಗೇ ಬಿದ್ದಿದೆ. ಮರದ ಹಿಡಿಯ ಒಳಮೈಯಲ್ಲಿ ಸಾಲಾಗಿ ಕಚ್ಚುಗಳು. ಹುಲುಗಪ್ಪ ವಿಕೆಟ್ಟಿಗೊಂದರಂತೆ ಮ್ಯಾಟಿನ ಮೊಳೆಯಿಂದ ಕೊರೆದವು. ಎಣಿಸಿದೆ, ನಲವತ್ತೊಂದು. ಆಮೇಲೆ ರಾಘಣ್ಣನವರ ಡ್ಯೂಟಿ ದಿನಗಳನ್ನು ಹಿಡಿದು ಪುಸ್ತಕ ನೋಡಿದೆ, ನಲವತ್ತು. ಹೆಚ್ಚಿನ ಒಂದು ಯಾವುದು? ಅವನೇ ಚೆಂಡೆಸೆದು ಸ್ಟಂಪಿಗೆ ಹೊಡೆದ ರನ್ ಔಟ್. ರನ್ ಔಟ್ ಬೌಲರಿಗೆ ಸೇರುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹುಲುಗಪ್ಪಾ, ಆ ಒಂದನ್ನು ನಾನು ಕೊಡಲಾರೆ. ಇನ್ನಾದರೂ ನಾನು ಸರಿಯಾಗಿ ಬರೆಯಬೇಕಲ್ಲವೇ?

ಆದ್ದರಿಂದ ವಿವರ ಹೀಗಿದೆ. ರಾಘಣ್ಣ, ಅರವತ್ತೆರಡು. ಹುಲುಗಪ್ಪ, ನಲವತ್ತು, ಒಂಬತ್ತೇ ಪಂದ್ಯಗಳಲ್ಲಿ. ಅಧ್ಯಕ್ಷರೇ, ತಮ್ಮ ತೊಂಬತ್ತೇಳನ್ನು ಯಾರೂ ದಾಟಿಲ್ಲ. ಆದರೆ ತಮ್ಮ ಪಕ್ಷದವರೇ ಹೇಳಿಕೊಟ್ಟ ಹಾಗೆ, ಸರಾಸರಿ ನೋಡಬೇಕು, ಸರಾಸರಿ. ಪಂದ್ಯಕ್ಕೆ ನಾಲ್ಕಕ್ಕೂ ಮೇಲೆ ತೆಗೆದವನು ಬಳ್ಳಾರಿಯಲ್ಲಿ ಒಬ್ಬನೇ. ನಾಳೆ ವೆಂಕಣ್ಣನ ಹೋಟೆಲಿನಲ್ಲಿ ಮೂರನೆಯ ಪಕ್ಷವೊಂದು ಹುಟ್ಟಲಿ. ಲೋಟ ಒಡೆದರೆ ನನ್ನ ಹೆಸರು ಹೇಳಿ.

ರಾಘಣ್ಣ, ತಲೆ ತಗ್ಗಿಸಬೇಡ. ಸರಿ ಮಾಡು ಎಂದು ನೀನು ಹೇಳಿದ್ದೆ. ಹತ್ತು ವರ್ಷ ತಡ ಮಾಡಿದವನು ನಾನು. ಹಾರ ತೆಗೆಯುತ್ತಿದ್ದೀಯಾ? ಬೇಡ, ಅರವತ್ತೆರಡು ನಿನ್ನವೇ.

ಒಂದು ನಿಮಿಷ ಸಮಯ ಕೊಡಿ. ಪೆನ್ನು ತಂದಿದ್ದೇನೆ. ಇದನ್ನು ಮನೆಯಲ್ಲೇ ಮಾಡಿ ಬರಬಹುದಿತ್ತು. ಆದರೆ ಕದ್ದು ಬರೆದದ್ದನ್ನು ಕದ್ದು ತಿದ್ದಬಾರದು. ನಲವತ್ತೆರಡರ ಪುಟ... ಗೀಟು ಎಳೆದೆ. ಆ ಬೆರಳಿನ ಕಲೆಯ ಪಕ್ಕದಲ್ಲೇ ಬರೆಯುತ್ತಿದ್ದೇನೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಉಳಿದ ಎಂಟು ಪುಟಗಳನ್ನೂ ಇಲ್ಲಿಂದ ಏಳುವ ಮುಂಚೆ ಮುಗಿಸುತ್ತೇನೆ.

ನನ್ನನ್ನು ಇಷ್ಟು ಹೊತ್ತು ಸಹಿಸಿದ ಅಧ್ಯಕ್ಷರಿಗೆ, ಗೆಳೆಯ ರಾಘಣ್ಣನಿಗೆ, ಉಪ್ಪಿಟ್ಟು ಮರೆತು ಕುಳಿತ ನಿಮಗೆಲ್ಲರಿಗೆ ನಾನು ಋಣಿ. ದಯಮಾಡಿ ಯಂಕಮ್ಮನವರಿಗೆ ದಾರಿ ಬಿಡಿ. ಬನ್ನಿ ತಾಯಿ, ಮೆಟ್ಟಿಲು ಹತ್ತಿ ಮೇಲೆಯೇ ಬನ್ನಿ. ಪುಸ್ತಕ ತೆರೆದಿದೆ. ಈ ಸಲ ನಾನು ಬೆರಳಿಡುವುದಿಲ್ಲ. ನೀವೇ ಓದಿ, ಗಟ್ಟಿಯಾಗಿ ಓದಿ. ಅವನು ಅಂದುಕೊಂಡಷ್ಟು ಉದ್ದವಿಲ್ಲ ತಾಯಿ, ನಾಲ್ಕೇ ಅಕ್ಷರ.

ನಮಸ್ಕಾರ.