ಕವಳೆಕಾಯಿಯ ಉಪ್ಪಿನಕಾಯಿ

ಬೇಲೂರಿನಿಂದ ಜಾವಗಲ್‌ಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ವಯಸ್ಸಾದ ದಂಪತಿ ಕುಳಿತಿದ್ದರು. ದೇವಸ್ಥಾನದಲ್ಲಿ ಪ್ರಸಾದದ ಊಟ ಮುಗಿಸಿ ಬಂದವರು; ಆಕೆಯ ಮಡಿಲಲ್ಲಿ ಇನ್ನೂ ತುಳಸಿ ಇತ್ತು. ಹಳೇಬೀಡು ದಾಟಿದ ಮೇಲೆ ಆಕೆ ಮಾತು ತೆಗೆದರು.

"ಮೊಸರನ್ನಕ್ಕೆ ಬಡಿಸಿದ ಉಪ್ಪಿನಕಾಯಿ ಹೇಗಿತ್ರೀ?"

"ಅಮೃತ ಕಣೇ ಶ್ರೀರಂಗಮ್ಮ! ಕೇಳಿ ಕೇಳಿ ಹಾಕಿಸ್ಕೊಂಡೆ. ಯಾವ ಊರಿನ ಮಾವಿನಕಾಯೋ!"

"ಮಾವಿನಕಾಯಲ್ಲ, ಕವಳೆಕಾಯಿ."

"ಏನಂದೆ?"

"ಬೇಲಿ ಮೇಲೆ ಬಿಡತ್ತಲ್ಲ, ಅದೇ. ಮದುವೆಯಾದಾಗಿನಿಂದ ಮನೆಯೊಳಗೆ ತರಬೇಡ ಅಂತ ನೀವು ತಡೆದಿರೋದು."

"ಅಯ್ಯೋ! ಕಿತ್ತರೆ ಹಾಲು ಸುರಿಯತ್ತೆ ಕಣೇ ಅದು. ಕಣಗಿಲೆಕಾಯಿ ಥರಾನೇ ವಿಷ. ನೋಡು, ಎದೆ ಆಗ್ಲೇ ಡವಡವ ಅಂತಿದೆ."

"ಅದು ಬಸ್ಸು ಕುಲುಕೋದು. ಕಣಗಿಲೆ ವಿಷ, ನಿಜ. ಆದ್ರೆ ಕಣಗಿಲೆ ಗಿಡಕ್ಕೆ ಮುಳ್ಳಿದೆಯೇನ್ರೀ? ಕವಳೆಗೆ ಜೋಡಿಮುಳ್ಳು. ನಮ್ಮಮ್ಮ ಮುಳ್ಳು ತೋರಿಸೇ ಗುರುತು ಹೇಳ್ಕೊಟ್ಟಿದ್ಲು."

"ಮತ್ತೆ ಆ ಹಾಲು?"

"ಉಪ್ಪುನೀರಲ್ಲಿ ನೆನೆಸಿದ್ರೆ ಹೋಗತ್ತೆ. ಈಗ ಹೇಳಿ, ಸ್ವಾಮಿ ಪ್ರಸಾದ ವಿಷಾನಾ?"

ಯಜಮಾನರು ತಟ್ಟನೆ ಎರಡೂ ಕೆನ್ನೆ ತಟ್ಟಿಕೊಂಡರು.

"ನಾರಾಯಣ, ನಾರಾಯಣ! ನಾನೆಲ್ಲಿ ಹಾಗಂದೆ?"

"ಹಾಗಾದ್ರೆ ಈ ವರ್ಷ ನಮ್ಮಮ್ಮನ ಮನೆ ಉಪ್ಪಿನಕಾಯಿ ಹಾಕ್ತೀನಿ."

"ಹಾಕು ತಾಯಿ. ಗೆದ್ದೆ ನೀನು."

ಜಾವಗಲ್‌ನಲ್ಲಿ ಸಂತೆ ನೆರೆದಿತ್ತು. ಆಕೆ ತಲೆಯೆತ್ತಿಕೊಂಡು ಮುಂದೆ ಇಳಿದರು. ಯಜಮಾನರು ಬಟ್ಟೆಚೀಲ ಹಿಡಿದು ಹಿಂದೆಯೇ ಹೊರಟರು.

"ಕವಳೆಕಾಯಿ ಒಂದು ಸೇರು ಸಾಕೇನೇ?"

"ಒಂದು ಸೇರು ನಿಮ್ಮೊಬ್ಬರಿಗೇ ಬೇಕು. ನನಗೆ?"