ಮೊದಲಿನ ಇಂಜಿನ್

ಬಾಗೇವಾಡಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಯಾರೋ ಅಕ್ಕ, ತಮ್ಮ ಕೂತಿದ್ದರು. ತಮ್ಮನ ಕೈಯಲ್ಲಿ ಪಿಕಪ್ಪಿನ ಕಾಗದಪತ್ರ.

"ಆರ್‌ಟಿಓದಾಗ ಗಾಡಿ ಪಾಸಿಂಗ್ ಆತೇನೋ ಮಾಳಿಂಗ?"

"ಇಲ್ಲಕ್ಕ. ನಾ ಬದಲಿ ಹಾಕಿಸಿದ್ದು ಹಳೇ ಮಾಡೆಲ್ಲಿನ ಡೀಸೆಲ್ ಇಂಜಿನ್. ಈಗಿನ ಹೊಗಿ ಕಾಯ್ದೆಕ್ಕ ಅದು ನಡ್ಯಂಗಿಲ್ಲಂತ."

"ಮಿಸ್ತ್ರಿ ಭಾಳ ಗಟ್ಟಿ ಐತಿ ಅಂದಿದ್ನಲ್ಲ?"

"ಗಟ್ಟಿ ಐತಿ. ರಸ್ತೆ ಮ್ಯಾಲ ತರಾಕ ಬರಂಗಿಲ್ಲ, ಅಷ್ಟ."

"ಮತ್ತ ಈಗೇನ್ ಮಾಡಬೇಕಂತ?"

"ಗಾಡಿದ ಮೊದಲಿನ ಇಂಜಿನ್ನ ರಿಪೇರಿ ಮಾಡಿಸಿ ಕೂಡಿಸ್ಕೊಂಡ್ ಬಾ ಅಂದ್ರು."

ಅಕ್ಕ ತನ್ನ ಚೀಲವನ್ನು ಹತ್ತಿರ ಎಳೆದುಕೊಂಡಳು.

"ಅದು ನಮ್ಮ ಹೊಲಕ್ಕ ಹೊಳಿ ನೀರ ಎತ್ತಾಕತ್ತೈತಲ್ಲೋ."

"ಗೊತ್ತೈತಿ. ನಾನ ತಂದ್ ಕೊಟ್ಟೇನಿ."

"ಉಳ್ಳಾಗಡ್ಡಿ ಈಗ ಗಡ್ಡಿ ಕಟ್ಟಾಕತ್ತಾವ. ಇನ್ನ ಮೂರ್ ನೀರ ಬೇಕು."

"ನಾ ಏನ್ ಅದನ್ನ ಕೇಳಿಲ್ಲಲ್ಲಕ್ಕ."

"ಕೇಳಿಲ್ಲ. ಕೇಳಿದ್ರ ಬೈದಾದ್ರೂ ಇಂಜಿನ್ ಕೊಟ್ಟ ಕಳಸ್ತಿದ್ದೆ. ಗಾಡಿ ನಿಂತ್ರ ನಿನ್ನ ಮನ್ಯಾಗ ಏನ್ ಉಣ್ತಾರ?"

"ಉಳ್ಳಾಗಡ್ಡಿ ಒಣಗಿದ್ರ ನೀ ಏನ್ ಉಣ್ತಿ?"

ಅವಳು ಚೀಲದಿಂದ ಪಂಪಿನ ಹೊಸ ಬೆಲ್ಟ್ ತೆಗೆದಳು. ಇನ್ನೂ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ.

"ಮುಂಜಾನೆ ತಗೊಂಡೇನಿ. ಇಂಜಿನ್ ನಿನ್ನ ಗಾಡಿಗೆ ಹೋದ ಮ್ಯಾಲ ಇದ್ಯಾಕ ಬೇಕು? ಅಂಗಡ್ಯಾಂವ ತಿರಗಿ ತಗೊಂತಾನೇನ ಕೇಳೂಣು, ನಡಿ."

"ಬ್ಯಾಡಕ್ಕ."

ಆಗಲೇ ಅವಳು ಎದ್ದು ಪೇಟೆಯ ಕಡೆ ಹೊರಟಿದ್ದಳು. ಅವನೂ ಹಿಂದೆ ಹೋದ. ಅವರು ಕಾಯುತ್ತಿದ್ದ ಕೊಲ್ಹಾರದ ಬಸ್ಸು ಬಂದು, ಅವರಿಲ್ಲದೆ ಹೊರಟಿತು.