ಗಾಲಿಗೆ ಒರಗಿ ಕುಳಿತವನು

ಬೈಲಹೊಂಗಲದ ಪೇಟೆಯಲ್ಲಿ ಆ ಸಂಜೆ ಹಿಡಿದ ಮಳೆ ಬಿಡಲೇ ಇಲ್ಲ. ಕರೆಂಟೂ ಹೋಗಿತ್ತು. ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದ ನಾಲ್ಕು ಮಂದಿ ಬಸಯ್ಯನವರ ಸ್ಟುಡಿಯೋದಲ್ಲಿ ಸಿಕ್ಕಿಕೊಂಡರು. ಮೊಮ್ಮಗಳು ಶೀತಲ ಎಲ್ಲರಿಗೂ ತಲೆ ಒರೆಸಿಕೊಳ್ಳಲು ಟವೆಲ್ ಕೊಟ್ಟು ಮೇಣದ ಬತ್ತಿ ಹಚ್ಚಿಟ್ಟಳು. ಅದು ಎರಡು ಸಾವಿರದ ನಾಲ್ಕನೆಯ ಇಸವಿ. ಡಿಜಿಟಲ್ ಕ್ಯಾಮೆರಾ ತಂದು ಸ್ಟುಡಿಯೋ ನಡೆಸುತ್ತಿದ್ದವಳು ಅವಳೇ. ಒಳಕೋಣೆಯಲ್ಲಿದ್ದ ಅಜ್ಜ ಬಸಯ್ಯನವರಿಗೆ ಕಣ್ಣು ಹೋಗಿ ಒಂಬತ್ತು ವರ್ಷವಾಗಿತ್ತು.

ಅವರಲ್ಲಿ ಯರಗಟ್ಟಿಯಿಂದ ಬಂದಿದ್ದ ಜಟ್ಟೆಪ್ಪ ಅದನ್ನೇ ಕೆದಕಿದ. ಊರ ಮಂದಿಯ ಮೋರೆ ತಿದ್ದಿ ತೋರಿಸಿದವರಿಗೆ ಈ ಗತಿ ಹೇಗೆ ಬಂತು, ಸಕ್ಕರೆ ಬೇನೆಯೇ ಎಂದು ಕೇಳಿದ. ಡಾಕ್ಟರರ ಕಾಗದಗಳೆಲ್ಲ ಶೀತಲಳ ಬಳಿಯೇ ಇದ್ದವು. ಒಂದರಲ್ಲೂ ಕಣ್ಣಿಗೆ ದೋಷವಿದೆ ಎಂದು ಬರೆದಿರಲಿಲ್ಲ. ಅವಳ ಅನುಮಾನವೆಲ್ಲ ಮೂಲೆಯ ಸ್ಟೂಲಿನಲ್ಲಿದ್ದ ರಾಚವ್ವನ ಮೇಲೆ. ಮೂವತ್ತು ವರ್ಷ ಇಲ್ಲಿ ಫೋಟೋ ತಿದ್ದಿದ ಈ ಮುದುಕಿ ಏನನ್ನೋ ಮುಚ್ಚಿಟ್ಟಿದ್ದಾಳೆ.

"ಹೇಳತೇನಿ," ಎಂದಳು ರಾಚವ್ವ. "ಆದ್ರ ನಡುವ ಎದ್ದು ಹೋಗಬ್ಯಾಡ್ರಿ ಮತ್ತ. ಹೆಂಗೂ ಮಳಿ ಬಿಡೂ ಹಂಗ ಕಾಣೂದಿಲ್ಲ."

ಅವಳು ತನ್ನ ಕೆಲಸದಿಂದಲೇ ಸುರು ಮಾಡಿದಳು. ಈ ಕಡೆ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸಿ ಫೋಟೋ ತೆಗೆಸುವುದುಂಟಲ್ಲ... ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದೆ ಹೋದವರು ಎಷ್ಟು ಮಂದಿ! ಆ ಫೋಟೋದ ಮೇಲೆ ಸಣ್ಣ ಬ್ರಷ್ಷಿನಿಂದ ಮುಚ್ಚಿದ ಕಣ್ಣು ತೆರೆಸುವುದು ರಾಚವ್ವನ ಕೆಲಸವಾಗಿತ್ತು. ಮನಸ್ಸಿಗೆ ಬಂದ ಕಣ್ಣನ್ನು ಬರೆಯುವಂತಿರಲಿಲ್ಲ. ಸತ್ತವರ ಮಗನನ್ನೋ ಮಗಳನ್ನೋ ಎದುರಿಗೆ ಕೂಡಿಸಿಕೊಂಡು, ಅವರ ಕಣ್ಣು ನೋಡುತ್ತ ನೋಡುತ್ತ ಬರೆಯಬೇಕು. ರಕ್ತಸಂಬಂಧದವರ ಕಣ್ಣನ್ನೇ ನೋಡಬೇಕೆಂದು ಅವಳಿಗೆ ಕಲಿಸಿದವರು ಹೇಳಿದ್ದರು. ಯಾಕೆಂದು ಅವಳೂ ಕೇಳಿರಲಿಲ್ಲ.

ತೊಂಬತ್ತೈದರಲ್ಲಿ ಉಗಿ ಎಂಜಿನ್ನುಗಳನ್ನು ನಿಲ್ಲಿಸುತ್ತಾರೆಂಬ ಸುದ್ದಿ ಬಂತು. ಬೈಲಹೊಂಗಲಕ್ಕೆ ಹಳಿಯೇ ಇಲ್ಲ, ಬಸಯ್ಯನವರಿಗೋ ರೈಲಿನ ಹುಚ್ಚು. ಜೀವಮಾನವಿಡೀ ಮದುವೆ, ಹೆಣ, ಪಾಸ್‌ಪೋರ್ಟ್ ಎಂದು ಸವೆದ ಕೈ, ನೋಡಿದವರು ಕಲೆ ಎನ್ನುವಂಥ ಚಿತ್ರ ಒಂದನ್ನಾದರೂ ತೆಗೆದು ಬೆಳಗಾವಿಯ ಪ್ರದರ್ಶನದಲ್ಲಿ ತೂಗುಹಾಕಬೇಕು ಎಂದು ಬಸ್ಸು ಹತ್ತಿ ಹೋದರು. ಯಾವುದೋ ಸಣ್ಣ ಸ್ಟೇಶನ್ನಿನ ಯಾರ್ಡಿನಲ್ಲಿ ಒಂದು ಹಳೆಯ ಎಂಜಿನ್ನಿಗೆ ಕೊನೆಯ ಸಲ ಬೆಂಕಿ ಹಾಕಿದ್ದರು. ಅಲ್ಲಿನ ಕಾವಲುಗಾರ ತನ್ನ ಚಹಾದಲ್ಲೇ ಅರ್ಧ ಬಗ್ಗಿಸಿ ಕೊಟ್ಟನಂತೆ. ಓರೆ ಬಿಸಿಲು ಗಾಲಿಗಳ ಮೇಲೆ ಬಿದ್ದು, ಉಗಿ ಬೆಳ್ಳಗೆ ಹೊಳೆಯುವ ತನಕ ಕಾದು, ಬಸಯ್ಯ ಹನ್ನೆರಡು ಫೋಟೋ ತೆಗೆದರು. ಎಂಜಿನ್ನಿನ ಹತ್ತಿರ ನರಪಿಳ್ಳೆ ಇರಲಿಲ್ಲ.

ರೀಲು ತೊಳೆದರು. ಹನ್ನೊಂದರಲ್ಲಿ ಎಂಜಿನ್ನು ಮಾತ್ರ. ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದ ಹನ್ನೆರಡನೆಯದರಲ್ಲಿ ದೊಡ್ಡ ಗಾಲಿಗೆ ಬೆನ್ನು ಕೊಟ್ಟು, ಕಾಲು ಮಡಚಿ, ಮೈತುಂಬ ಕಲ್ಲಿದ್ದಲ ಮಸಿ ಬಡಿದುಕೊಂಡವನೊಬ್ಬ ಕಣ್ಣು ಮುಚ್ಚಿ ಕುಳಿತಿದ್ದ.

ಬಸಯ್ಯ ನೇರ ರಾಚವ್ವನನ್ನೇ ಹಿಡಿದರು. ಯಾವುದೋ ಹೆಣದ ನೆಗೆಟಿವ್ ಕೂಡಿಸಿ ನನ್ನ ಚಿತ್ರ ಕೆಡಿಸಿದ್ದೀಯ ಎಂದರು. ಅವಳು ಆಣೆ ಮಾಡಿದರೂ ನಂಬದೆ ಮೂರು ದಿನ ಮಾತು ಬಿಟ್ಟರು. ಪ್ರದರ್ಶನದ ದಿನ ಹತ್ತಿರ ಬಂದಾಗ ತಾವೇ ಸಮಾಧಾನ ಮಾಡಿಕೊಂಡರು: ಯಾರೋ ಕೂಲಿಯವ ಮಲಗಿದ್ದಾನು, ಕಣ್ಣು ತೆರೆಸಿಬಿಡು. ಯಾರನ್ನು ನೋಡಿ ತೆರೆಸಲಿ, ಇವನವರು ಯಾರು ಎಂದು ಅವಳು ಕೇಳಿದಳು.

"ಯಾರೂ ಇಲ್ಲಂದ್ರ ನಾ ಇಲ್ಲೇನು?" ಎಂದರು ಬಸಯ್ಯ. "ನನ್ನ ಕಣ್ಣ ನೋಡಿ ಬರಿ."

ರಾಚವ್ವ ಬತ್ತಿಯ ಕುಡಿ ಚಿವುಟಿ ಸರಿಮಾಡಿದಳು. "ಬರದ್ನಿ. ಅಷ್ಟು ಚಂದ ಕಣ್ಣು ನನ್ನ ಕೈಯಾಗಿಂದ ಹಿಂದೂ ಬಂದಿದ್ದಿಲ್ರಿ, ಮುಂದೂ ಬರಲಿಲ್ಲ..."

ಚಿತ್ರ ಬೆಳಗಾವಿಯ ಗೋಡೆಗೆ ಏರಿದ ದಿನವೇ ಬಸಯ್ಯನವರ ಕಣ್ಣು ಮಂಜಾಯಿತು. ಅವರು ಮೊದಲು ಲೆನ್ಸಿನ ಮೇಲೆ ಅನುಮಾನಪಟ್ಟರು, ಆಮೇಲೆ ಡೆವಲಪರಿನ ಮೇಲೆ, ಕೊನೆಗೆ ರಾಚವ್ವ ಮಾಡಿಕೊಟ್ಟ ಚಹಾದ ಮೇಲೆ. ನಾಲ್ಕನೆಯ ದಿನ ಎಲ್ಲ ಕತ್ತಲೆ. ಐದನೆಯ ದಿನ, ಇದೇ ಬೈಲಹೊಂಗಲದಲ್ಲಿ ಕುಳಿತು, ಎದುರಿಗೆ ಹಸಿರು ಸೀರೆಯವಳು ನಿಂತಿದ್ದಾಳೆ, ಪಕ್ಕದ ಮೇಜಿನ ಬಳಿ ಬೋಳುತಲೆಯವನೊಬ್ಬ ಛತ್ರಿ ಹಿಡಿದು ತೂಕಡಿಸುತ್ತಿದ್ದಾನೆ ಎಂದು ಹೇಳತೊಡಗಿದರು.

ರಾಚವ್ವ ಬ್ರಷ್ಷನ್ನು ಚೀಲದಲ್ಲಿ ಹಾಕಿಕೊಂಡು ಬೆಳಗಾವಿಗೆ ಹೋದಳು. ಚಿತ್ರದ ಪಕ್ಕದ ಮೇಜಿನ ಬಳಿ ಬೋಳುತಲೆಯವ ಛತ್ರಿ ಹಿಡಿದು ತೂಕಡಿಸುತ್ತಲೇ ಇದ್ದ. ಚಿತ್ರದವನು ಬಸಯ್ಯನವರ ಕಣ್ಣಿನಿಂದ ಅವಳನ್ನು ನೋಡಿದ. ಬ್ರಷ್ಷು ಎರಡು ಸಲ ಆಡಿಸಿದರೆ ಮುಚ್ಚಬಹುದಿತ್ತು. ಮುಚ್ಚಿದರೆ ಅಯ್ಯನವರ ಕಣ್ಣು ಅವರಿಗೆ ತಿರುಗಿ ಬರುತ್ತದೆಯೋ, ಇಲ್ಲ ಅವರೂ ಆ ಸತ್ತವನ ಜೋಡಿ ಹೊರಟೇ ಹೋಗುತ್ತಾರೋ... ಯಾರನ್ನು ಕೇಳಬೇಕು, ನೀವೇ ಹೇಳಿ? ಅವಳು ಮುಟ್ಟದೆ ಬಂದಳು. ಮರುದಿನ ಚಿತ್ರ ಮಾರಿಹೋಯಿತು. ಕೊಂಡವರು ಯಾವ ಊರಿನವರೋ, ವಿಳಾಸ ಬಿಟ್ಟು ಹೋಗಿರಲಿಲ್ಲ.

"ಒಂಬತ್ತು ವರ್ಷ ಅಯ್ಯಾರು ಕೊಂಡವರ ಮನಿ ಗ್ವಾಡಿ ಮ್ಯಾಗಿಂದ ನೋಡಕೋತ ಬಂದಾರ. ಅವರ ತೊಟ್ಟಿಲದಾಗಿನ ಕೂಸು ಈಗ ಸಾಲಿಗೆ ಹೊಂಟೈತಂತ."

ಶೀತಲಳಿಗೆ ತಡೆಯಲಾಗಲಿಲ್ಲ. "ಕಣ್ಣಿಲ್ಲದವರು ಕುಂತಲ್ಲೇ ಏನರ ಕಟ್ಟಿ ಹೇಳಿದ್ರ ಖರೇ ಅನ್ನೂದೇನು, ಆಯಿ? ಆ ಮನಿ ನೀ ನೋಡೀಯೇನು?"

"ನೋಡಿಲ್ಲವ್ವ. ಖೊಟ್ಟಿ ಆಗಲೆಪಾ ಅಂತ ನಾನೂ ಬೇಡಕೊಳ್ಳಾಕ ಹತ್ತೇನಿ."

ರಾಚವ್ವನ ದನಿ ಇಳಿಯಿತು.

"ಇವತ್ತ ಮಧ್ಯಾಹ್ನ ಹಾಲು ಕೊಡಾಕ ಹೋಗಿದ್ನಿ. 'ರಾಚವ್ವಾ, ನನ್ನ ಗ್ವಾಡಿಯಿಂದ ಇಳಿಸ್ಯಾರ' ಅಂದ್ರು. ಎದುರಿಗೆ ಯಾರೋ ಒಬ್ಬಾಕಿ ಬ್ರಷ್ ಹಿಡಕೊಂಡು ಕುಂತಾಳಂತ. ಹಳೇ ಚಿತ್ರಾ ರಿಪೇರಿ ಮಾಡಾಕಿ ಇರಬೇಕು... ಆಮ್ಯಾಲೆ, 'ಬಲಗಣ್ಣು ಮುಚ್ಚಿದ್ಳು' ಅಂದ್ರು."

ಒಳಕೋಣೆಯಿಂದ ಸದ್ದಿರಲಿಲ್ಲ. ಒಳಗೆ ಹೋಗಿ ನೋಡುವ ಧೈರ್ಯವಿಲ್ಲದೆಯೇ ಮುದುಕಿ ಇಷ್ಟು ಹೊತ್ತು ತಮ್ಮನ್ನೆಲ್ಲ ಇಲ್ಲಿ ಕೂಡಿಸಿಕೊಂಡಿದ್ದಳೆಂದು ಶೀತಲಳಿಗೆ ಆಗ ಹೊಳೆಯಿತು. ಅವಳು ಬತ್ತಿ ಕೈಗೆತ್ತಿಕೊಂಡು ಎದ್ದಳು.

ರಾಚವ್ವ ಅವಳ ಸೆರಗು ಹಿಡಿದಳು. "ಇನ್ನೊಂದೀಟು ಕುಂದ್ರು, ಯವ್ವಾ. ಎಡಗಣ್ಣಿಂದು ನಾ ಇನ್ನೂ ಕೇಳಿಲ್ಲ..."